ದಿನಚರಿ ಸುಟ್ಟವನ ದಿನಚರಿಗಳು

ಇಂಗ್ಲಿಷ್ ಕಾದಂಬರಿಕಾರ ಕ್ರಿಸ್ಟೋಫರ್ ಇಷರ್‌ವುಡ್ ತನ್ನ ಬರ್ಲಿನ್ ದಿನಚರಿಗಳನ್ನು ತಾನೇ ಸುಟ್ಟುಹಾಕಿದ. ‘ಗುಡ್‌ಬೈ ಟು ಬರ್ಲಿನ್’ ಬರೆದು ಮುಗಿಸಿದ ಮೇಲೆ ಮಾಡಿದ ಕೆಲಸ ಅದು. ನಿಜವಾಗಿ ನಡೆದದ್ದಕ್ಕಿಂತ ಕಥೆಯಲ್ಲಿ ತಾನು ಕಟ್ಟಿದ ಹಿಂದಿನ ಬದುಕೇ ತನಗೆ ಇಷ್ಟ ಅನ್ನುವುದು ನಾಲ್ಕು ಜನಕ್ಕೆ ಹೇಳಬಹುದಾದ ಕಾರಣ. ಒಳಗಿದ್ದ ಕಾರಣ ಬೇರೆ. ಅವುಗಳಲ್ಲಿ ಅವನ ಲೈಂಗಿಕ ಬದುಕಿನ ವಿವರಗಳಿದ್ದವು. ಪೊಲೀಸರ ಕೈಗೆ ಸಿಕ್ಕರೆ ಗತಿಯೇನು ಎಂಬ ಹೆದರಿಕೆ ಇತ್ತು. ಗಂಡಸು ಗಂಡಸನ್ನು ಪ್ರೀತಿಸುವುದು ಆಗ ಇಂಗ್ಲೆಂಡಿನಲ್ಲಿ ಜೈಲಿಗೆ ಹಾಕುವ ಅಪರಾಧ. ಆ ಕಾನೂನು ಸಡಿಲವಾಗಿದ್ದು 1967ರಲ್ಲಿ.

ಎಪ್ಪತ್ತರ ವಯಸ್ಸಿನ ಹೊತ್ತಿಗೆ ಅದೇ ಬರ್ಲಿನ್ ವರ್ಷಗಳ ಬಗ್ಗೆ ಮುಚ್ಚುಮರೆ ಇಲ್ಲದೆ ಬರೆಯಲು ಕೂತ. ನೋಡಿದರೆ ಕೈಯಲ್ಲಿ ಮೂಲ ದಾಖಲೆಯೇ ಇಲ್ಲ. ಹಳೇ ಕಾಗದಗಳು, ಗೆಳೆಯರ ನೆನಪು, ತನ್ನವೇ ಕಾದಂಬರಿಗಳು, ಆಮೇಲೆ ಅಮ್ಮನ ದಿನಚರಿ. ಇವನ್ನೇ ನೆಚ್ಚಿಕೊಳ್ಳಬೇಕಾಯಿತು. ಯಾವ ಅಮ್ಮನಿಂದ ತಪ್ಪಿಸಿಕೊಳ್ಳಲು ಊರು, ದೇಶ ಎರಡನ್ನೂ ಬಿಟ್ಟು ಓಡಿದ್ದನೋ ಆ ಅಮ್ಮ ಬರೆದಿಟ್ಟ ದಿನಚರಿ!

ಬೇರೆಯವರ ದಿನಚರಿ ಓದುವ ಚಟ ನನಗೆ ಮೊದಲಿನಿಂದಲೂ ಇದೆ. ಅದರಲ್ಲೂ ಹುಟ್ಟಿದ ದೇಶ ಬಿಟ್ಟು ಹೋದವರ ದಿನಚರಿ ಅಂದರೆ ಜಾಸ್ತಿ ಇಷ್ಟ. ಊರಲ್ಲೇ ಇದ್ದವರು ಬರೆಯುವಾಗ ಎಷ್ಟೋ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ ಎಂದು ಬಿಟ್ಟುಬಿಡುತ್ತಾರೆ. ಹೊರಗೆ ಹೋದವರಿಗೆ ಹಾಗೆ ಬಿಡಲು ಆಗುವುದಿಲ್ಲ. ಇಷರ್‌ವುಡ್ ನನ್ನನ್ನು ಹಿಡಿದು ಕೂರಿಸಿದ್ದು ಮಾತ್ರ ಇನ್ನೊಂದು ಕಾರಣಕ್ಕೆ. ಇವನ ಬದುಕಿನಲ್ಲಿ ಬರೆದ ದಿನಚರಿಗೆ ಎಷ್ಟು ಬೆಲೆಯೋ ಸುಟ್ಟ ದಿನಚರಿಗೂ ಬರೆಯದೇ ಬಿಟ್ಟ ದಿನಚರಿಗೂ ಅಷ್ಟೇ ಬೆಲೆ.

ಹುಟ್ಟಿದ್ದು 1904ರ ಆಗಸ್ಟ್ 26ರಂದು, ಇಂಗ್ಲೆಂಡಿನ ಚೆಷರ್ ಪ್ರಾಂತ್ಯದ ಹಳೆಯ ಜಮೀನುದಾರರ ಮನೆಯಲ್ಲಿ. ಪೂರ್ತಿ ಹೆಸರು ಕ್ರಿಸ್ಟೋಫರ್ ವಿಲಿಯಂ ಬ್ರ್ಯಾಡ್‌ಶಾ ಇಷರ್‌ವುಡ್. ಆ ಬ್ರ್ಯಾಡ್‌ಶಾ ಅನ್ನುವುದು ಸುಮ್ನೆ ಬಂದಿದ್ದಲ್ಲ. ರಾಜ ಒಂದನೇ ಚಾರ್ಲ್ಸ್‌ಗೆ ಮರಣದಂಡನೆ ಕೊಟ್ಟ ನ್ಯಾಯಾಲಯದ ಅಧ್ಯಕ್ಷ ಜಾನ್ ಬ್ರ್ಯಾಡ್‌ಶಾ ಇದೇ ವಂಶದವನು. ತಂದೆ ಫ್ರ್ಯಾಂಕ್ ಸೈನ್ಯದಲ್ಲಿ ಅಧಿಕಾರಿ. ಆದರೆ ಜಲವರ್ಣದ ಚಿತ್ರ ಬರೆಯುವ, ಪಿಯಾನೋ ನುಡಿಸುವ, ಕೂತು ಉಲ್ಲನ್ ಹೆಣೆಯುವ ಮೆತ್ತಗಿನ ಮನುಷ್ಯ. 1915ರ ಮೇ ತಿಂಗಳಲ್ಲಿ ಮೊದಲ ಮಹಾಯುದ್ಧದಲ್ಲಿ, ಬೆಲ್ಜಿಯಂನ ಈಪ್ರ್ ಬಳಿ ಸತ್ತ. ದೇಹ ಸಿಗಲಿಲ್ಲ. ಮಗನಿಗೆ ಆಗ ಹತ್ತು ವರ್ಷ.

ಇಲ್ಲಿಂದಲೇ ಅವನ ಓಟ ಶುರು. ಶಾಲೆಯ ಮೇಷ್ಟ್ರುಗಳು ಅವನನ್ನು ವೀರಯೋಧನ ಮಗ ಎಂದು ಕರೆದು, ಅಪ್ಪನಿಗೆ ತಕ್ಕ ಮಗನಾಗಬೇಕು ಎಂದು ದಿನವೂ ನೆನಪಿಸಿದರು. ಮನೆಯಲ್ಲಿ ಅಮ್ಮ ಕ್ಯಾಥ್ಲೀನ್ ಗಂಡನ ನೆನಪನ್ನು ದೇವರಕೋಣೆಯಂತೆ ಕಾಪಾಡಿಕೊಂಡಿದ್ದಳು. ಹುಡುಗನಿಗೆ ಹೆಣೆಯುತ್ತಾ ಕೂತಿದ್ದ ಅಪ್ಪ ನೆನಪಿದ್ದ. ಊರೆಲ್ಲ ಹಾಡಿ ಹೊಗಳುತ್ತಿದ್ದ ಅಪ್ಪ ಯಾರೆಂದು ಗೊತ್ತಾಗುತ್ತಿರಲಿಲ್ಲ. ದೇಶ, ಸೈನ್ಯ, ಧರ್ಮ, ಕುಟುಂಬದ ಮರ್ಯಾದೆ ಇವೆಲ್ಲ ಒಂದೇ ಕಂತೆಯಾಗಿ ಅವನಿಗೆ ಕಂಡವು. ಇಡೀ ಕಂತೆಯೇ ಬೇಡವಾಯಿತು. ಕೇಂಬ್ರಿಡ್ಜ್‌ನಲ್ಲಿ 1925ರ ಪರೀಕ್ಷೆಯಲ್ಲಿ ಬೇಕಂತಲೇ ತಮಾಷೆಯ ಉತ್ತರ ಬರೆದು, ಡಿಗ್ರಿ ಇಲ್ಲದೆ ಹೊರಬಂದ. ವೈದ್ಯಕೀಯ ಓದಲು ಸೇರಿ ಅದನ್ನೂ ಅರ್ಧಕ್ಕೆ ಬಿಟ್ಟ. ಆ ಹೊತ್ತಿಗೆ ಮೊದಲ ಕಾದಂಬರಿ ಅಚ್ಚಾಗಿತ್ತು. ಜನ ಅಷ್ಟಾಗಿ ಓದಲಿಲ್ಲ.

1929ರಲ್ಲಿ ಶಾಲೆಯ ಗೆಳೆಯ, ಕವಿ ಆಡೆನ್ ಬರ್ಲಿನ್‌ನಲ್ಲಿದ್ದ. ನೋಡಿ ಬರಲು ಹೋದವನು ಅದೇ ವರ್ಷದ ಕೊನೆಗೆ ಗಂಟುಮೂಟೆ ಕಟ್ಟಿಕೊಂಡು ಅಲ್ಲಿಗೇ ಹೊರಟ. ಯಾಕೆ ಹೋದೆ ಎಂದು ಕೇಳಿದವರಿಗೆ ಬಹಳ ವರ್ಷ ಏನೇನೋ ಹೇಳಿದ್ದಾನೆ. ಮುದುಕನಾದ ಮೇಲೆ ಬರೆದಾಗ ಸುತ್ತಿ ಬಳಸದೆ ಹೇಳಿಬಿಟ್ಟ: ಅಲ್ಲಿನ ಹುಡುಗರಿಗಾಗಿ. ಜರ್ಮನಿಯಲ್ಲೂ ಅಂಥ ಪ್ರೀತಿಯ ವಿರುದ್ಧ ಕಾನೂನು ಇತ್ತು. ಆದರೆ ಆಗಿನ ಬರ್ಲಿನ್ ಪೊಲೀಸರು ಅದನ್ನು ಅಷ್ಟೇನೂ ತಲೆಗೆ ಹಚ್ಚಿಕೊಂಡಿರಲಿಲ್ಲ. ಮೊದಮೊದಲು ಅವನು ಬಾಡಿಗೆಗೆ ಇದ್ದ ಕೋಣೆ ಮ್ಯಾಗ್ನುಸ್ ಹಿರ್ಶ್‌ಫೆಲ್ಡ್ ಎಂಬ ವೈದ್ಯನ ಲೈಂಗಿಕ ವಿಜ್ಞಾನ ಸಂಸ್ಥೆಗೆ ಅಂಟಿಕೊಂಡೇ ಇತ್ತು. ತನ್ನಂಥವರ ಬಗ್ಗೆ ವಿಜ್ಞಾನದ ಮಾತಿನಲ್ಲಿ ಯೋಚಿಸುವ ಜನ ಇದ್ದಾರೆ ಅನ್ನುವುದು ಅವನಿಗೆ ಮೊದಲ ಸಲ ಗೊತ್ತಾಗಿದ್ದು ಅಲ್ಲಿ.

ಆಮೇಲೆ ನೊಲೆನ್‌ಡಾರ್ಫ್ ಬೀದಿಯ 17ನೇ ನಂಬರಿನ ಮನೆ. ಟೂರಾವ್ ಎಂಬ ಹೆಂಗಸು ಕೋಣೆಗಳನ್ನು ಬಾಡಿಗೆಗೆ ಕೊಡುತ್ತಿದ್ದಳು. ಇವನು ಇಂಗ್ಲಿಷ್ ಪಾಠ ಹೇಳಿ ಹೊಟ್ಟೆ ಹೊರೆಯುತ್ತಿದ್ದ, ದಿನಚರಿ ಬರೆಯುತ್ತಿದ್ದ. ಟೂರಾವ್ ಕಥೆಯಲ್ಲಿ ಶ್ರೋಡರ್ ಆದಳು. ಅದೇ ಮನೆಯಲ್ಲಿದ್ದ ಜೀನ್ ರಾಸ್ ಎಂಬ ಹತ್ತೊಂಬತ್ತರ ಹುಡುಗಿ ಸ್ಯಾಲಿ ಬೌಲ್ಸ್ ಆದಳು. ಬೌಲ್ಸ್ ಎಂಬ ಅಡ್ಡಹೆಸರನ್ನು ಅಲ್ಲಿಗೆ ಬಂದಿದ್ದ ಅಮೆರಿಕದ ಪಾಲ್ ಬೌಲ್ಸ್‌ನಿಂದ ಎತ್ತಿಕೊಂಡ. ಜೀನ್ ರಾಸ್ ಮುಂದೆ ಪತ್ರಕರ್ತೆಯಾಗಿ ಸ್ಪೇನಿನ ಅಂತರ್ಯುದ್ಧದ ವರದಿ ಮಾಡಿದವಳು, ಕೊನೆಯವರೆಗೂ ಕಮ್ಯುನಿಸ್ಟ್. ಸ್ಯಾಲಿ ಎಂದರೆ ನೀನೇ ಅಲ್ವಾ ಎಂದು ಜನ ಕೇಳುವುದು ಅವಳಿಗೆ ಒಂಚೂರೂ ಹಿಡಿಸುತ್ತಿರಲಿಲ್ಲ. ಆ ಕಥೆ ನಾಟಕವಾಗಿ, 1966ರಲ್ಲಿ ‘ಕ್ಯಾಬರೆ’ ಎಂಬ ಸಂಗೀತ ನಾಟಕವಾಗಿ, 1972ರಲ್ಲಿ ಸಿನಿಮಾ ಆಗಿ ಲೋಕವೆಲ್ಲ ಸುತ್ತಿತು. ಸಿನಿಮಾದಲ್ಲಿ ಲೈಜಾ ಮಿನೆಲ್ಲಿ ಅದ್ಭುತವಾಗಿ ಹಾಡುತ್ತಾಳೆ. ನನ್ನ ಪ್ರಕಾರ ತಕರಾರು ಇರುವುದೇ ಅಲ್ಲಿ. ಪುಸ್ತಕದ ಸ್ಯಾಲಿಗೆ ಹಾಡಲು ಬರುವುದಿಲ್ಲ. ತನಗೆ ಬರುತ್ತದೆ ಎಂದು ಅವಳು ನಂಬಿರುವುದರಲ್ಲೇ ಆ ಕಥೆಯ ಜೀವ ಇದೆ.

‘ಗುಡ್‌ಬೈ ಟು ಬರ್ಲಿನ್’ ಪುಸ್ತಕದ ಮೊದಲ ಪುಟದಲ್ಲೇ ನಿರೂಪಕ ತಾನೊಂದು ಕ್ಯಾಮೆರಾ, ಸುಮ್ಮನೆ ದಾಖಲಿಸುತ್ತೇನೆ, ಯೋಚಿಸುವುದಿಲ್ಲ ಎನ್ನುತ್ತಾನೆ. ಇಷರ್‌ವುಡ್ ಬಗ್ಗೆ ಬರೆಯುವ ಎಲ್ಲರೂ ಈ ಮಾತನ್ನು ಎತ್ತಿ ತೋರಿಸುತ್ತಾರೆ, ಎಂಥ ನಿರ್ಲಿಪ್ತ ಕಣ್ಣು ಎಂದು ಹೊಗಳುತ್ತಾರೆ. ನನಗೆ ಮೊದಲಿನಿಂದಲೂ ಅದು ನಂಬಿಕೆಯ ಮಾತಾಗಿ ಕಂಡಿಲ್ಲ. ಆ ನಿರೂಪಕನಿಗೆ ಪ್ರೀತಿ ಇಲ್ಲ, ಆಸೆ ಇಲ್ಲ, ರಾತ್ರಿ ಎಲ್ಲಿಗೆ ಹೋಗುತ್ತಾನೆ ಅನ್ನುವುದೂ ಇಲ್ಲ. ಎಲ್ಲರ ಕೋಣೆಗೂ ಹೋಗಿ ಬರುತ್ತಾನೆ, ತನ್ನ ಕೋಣೆಯ ಬಾಗಿಲು ಮಾತ್ರ ತೆರೆಯುವುದಿಲ್ಲ. ಅದು ಶೈಲಿ ಅನ್ನುವುದಕ್ಕಿಂತ ಭಯ. 1939ರಲ್ಲಿ ಲಂಡನ್ನಿನಲ್ಲಿ ಅಚ್ಚಾಗುವ ಪುಸ್ತಕದಲ್ಲಿ ಆ ನಿರೂಪಕ ನಿಜ ಹೇಳಿದ್ದರೆ ಲೇಖಕನ ಕಥೆ ಏನಾಗುತ್ತಿತ್ತು? ಬರೆಯಲಾಗದ ಆ ಭಾಗವೆಲ್ಲ ದಿನಚರಿಯಲ್ಲಿ ಇತ್ತು. ಅದು ಒಲೆಗೆ ಹೋಯಿತು.

1933ರ ಮೇ ತಿಂಗಳಲ್ಲಿ ನಾಜಿಗಳು ಹಿರ್ಶ್‌ಫೆಲ್ಡ್‌ನ ಸಂಸ್ಥೆಗೆ ನುಗ್ಗಿ, ಅಲ್ಲಿದ್ದ ಪುಸ್ತಕಗಳನ್ನು ಹೊತ್ತೊಯ್ದು, ಕೆಲ ದಿನ ಬಿಟ್ಟು ಒಪೆರಾ ಮಂದಿರದ ಎದುರಿನ ಚೌಕದಲ್ಲಿ ಬೆಂಕಿ ಹಾಕಿದರು. ಇಷರ್‌ವುಡ್ ಆ ಗುಂಪಿನಲ್ಲಿ ನಿಂತಿದ್ದ. ‘ನಾಚಿಕೆಗೇಡು’ ಎಂದನಂತೆ, ಆದರೆ ಗಟ್ಟಿಯಾಗಿ ಅಲ್ಲ. ಆ ಕೊನೆಯ ನಾಲ್ಕು ಮಾತನ್ನೂ ಸೇರಿಸಿ ಬರೆದಿದ್ದಾನಲ್ಲ, ಅದಕ್ಕೇ ಇವನ ಮೇಲೆ ನನಗೆ ವಿಶ್ವಾಸ.

ಅದಾದ ಕೆಲವೇ ದಿನಗಳಲ್ಲಿ ಅವನು ಬರ್ಲಿನ್ ಬಿಟ್ಟ. ಜೊತೆಗೆ ಹೈಂಟ್ಸ್ ಎಂಬ ಹುಡುಗ ಇದ್ದ. ಬಡವರ ಮನೆಯ ಹುಡುಗ, ಒಳ್ಳೇ ಮನಸ್ಸಿನವನು. ಮುಂದಿನ ನಾಲ್ಕು ವರ್ಷ ಇಬ್ಬರೂ ಸೇರಿ ನಡೆಸಿದ್ದು ಬಾಳುವೆಗಿಂತ ಹೆಚ್ಚಾಗಿ ವೀಸಾ ಹುಡುಕುವ ಕೆಲಸ. 1934ರ ಜನವರಿಯಲ್ಲಿ ಹೈಂಟ್ಸ್ ಇಂಗ್ಲೆಂಡಿಗೆ ಬರಲು ನೋಡಿದ. ಹಾರಿಚ್ ಬಂದರಿನಲ್ಲಿ ವಲಸೆ ಅಧಿಕಾರಿ ತಡೆದ. ಕಾಗದಪತ್ರದಲ್ಲಿ ಹೈಂಟ್ಸ್‌ನ ಕಸುಬು ಮನೆಯಾಳು ಎಂದಿತ್ತು. ಮನೆಯಾಳಿಗೆ ಯಜಮಾನ ಇಂಥ ಪ್ರೀತಿಯ ಕಾಗದ ಬರೆಯುತ್ತಾನಾ ಎಂದು ಅಧಿಕಾರಿಗೆ ಅನುಮಾನ ಬಂತು. ಜೊತೆಗಿದ್ದ ಆಡೆನ್‌ಗೆ ಅನಿಸಿದ್ದೇನೆಂದರೆ, ಅಧಿಕಾರಿಗೆ ಒಂದೇ ನೋಟಕ್ಕೆ ಎಲ್ಲ ಅರ್ಥವಾಗಿದೆ, ಯಾಕೆಂದರೆ ಅವನೂ ನಮ್ಮವನೇ ಎಂದು. ಹೈಂಟ್ಸ್‌ನನ್ನು ವಾಪಸ್ ಕಳಿಸಿದರು.

ಆಮೇಲೆ ಕೆನರಿ ದ್ವೀಪ, ಡೆನ್ಮಾರ್ಕ್, ಹಾಲೆಂಡ್, ಬೆಲ್ಜಿಯಂ, ಪೋರ್ಚುಗಲ್. ಒಂದು ಕಡೆ ಪರವಾನಗಿ ಮುಗಿದರೆ ಇನ್ನೊಂದು ಕಡೆಗೆ. 1935ರಲ್ಲಿ ಜರ್ಮನಿ ಕಡ್ಡಾಯ ಸೈನ್ಯಸೇವೆ ತಂದ ಮೇಲೆ ಹೈಂಟ್ಸ್ ಸೈನ್ಯ ತಪ್ಪಿಸಿಕೊಂಡ ಅಪರಾಧಿಯೂ ಆದ. ಅವನಿಗೆ ಮೆಕ್ಸಿಕೋದ ಪೌರತ್ವ ಕೊಡಿಸುವ ಯೋಜನೆಯೊಂದು ಹುಟ್ಟಿತು. ಅದಕ್ಕೆ ಸಾವಿರ ಪೌಂಡ್. ಹಣ ಕೊಟ್ಟವಳು ಕ್ಯಾಥ್ಲೀನ್. ಆಕೆಗೆ ಈ ಸಂಬಂಧ ಇಷ್ಟವಿರಲಿಲ್ಲ, ಆದರೂ ಕೊಟ್ಟಳು. ಹಣ ಹೋಯಿತು, ಪೌರತ್ವ ಬರಲಿಲ್ಲ. 1937ರ ಮೇ ತಿಂಗಳಲ್ಲಿ ಲಕ್ಸೆಂಬರ್ಗ್ ಹೈಂಟ್ಸ್‌ನನ್ನು ಹೊರಹಾಕಿತು. ವೀಸಾ ಪಡೆದು ಕೂಡಲೇ ದಾಟಿಬಿಡಬಹುದು ಎಂಬ ಲೆಕ್ಕದಲ್ಲಿ ಗಡಿಯಾಚೆಯ ಟ್ರೀರ್ ಎಂಬ ಜರ್ಮನ್ ಊರಿಗೆ ಹೋದ. ಅಲ್ಲಿ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೋ ಹಿಡಿಯಿತು. ಆರು ತಿಂಗಳ ಜೈಲು, ಒಂದು ವರ್ಷ ಸರ್ಕಾರಿ ಕೂಲಿ, ಎರಡು ವರ್ಷ ಸೈನ್ಯ. ಇದಕ್ಕಿಂತ ಕೆಟ್ಟದ್ದೇ ಆಗಬಹುದಿತ್ತು. ಹೈಂಟ್ಸ್ ಯುದ್ಧದಲ್ಲಿ ಉಳಿದುಕೊಂಡ. ಮದುವೆಯಾಗಿ, ಮಗನನ್ನೂ ಪಡೆದ.

ಮುಂದಿನದೆಲ್ಲ ಅರ್ಥವಾಗಬೇಕಾದರೆ ಇದು ನೆನಪಿರಬೇಕು. ಇಷರ್‌ವುಡ್ 1939ರ ಜನವರಿಯಲ್ಲಿ ಆಡೆನ್ ಜೊತೆ ಹಡಗು ಹತ್ತಿ ನ್ಯೂಯಾರ್ಕ್‌ಗೆ ಹೋದ, ಅಲ್ಲಿಂದ ಕ್ಯಾಲಿಫೋರ್ನಿಯಾಕ್ಕೆ. ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾಯಿತು. ಇಂಗ್ಲೆಂಡಿನ ಪತ್ರಿಕೆಗಳು ಹೇಡಿಗಳು ಎಂದು ಬೈದವು. 1940ರ ಜೂನ್‌ನಲ್ಲಿ ಪಾರ್ಲಿಮೆಂಟಿನಲ್ಲೇ ಒಬ್ಬ ಸದಸ್ಯ ಈ ಇಬ್ಬರ ಬಗ್ಗೆ ಪ್ರಶ್ನೆ ಎತ್ತಿದ. ಬೈದವರಿಗೆ ಗೊತ್ತಿರದಿದ್ದ ವಿಷಯ ಒಂದಿತ್ತು. ಒಂದು ಗುಂಡಿ ಒತ್ತಿದರೆ ಇಡೀ ನಾಜಿ ಸೈನ್ಯ ಸಿಡಿದು ಹೋಗುತ್ತದೆ ಅಂದರೆ ಒತ್ತುತ್ತೀಯಾ ಎಂದು ತನ್ನನ್ನೇ ಕೇಳಿಕೊಂಡಾಗ ಅವನಿಗೆ ಒತ್ತಲು ಆಗಲಿಲ್ಲ. ಆ ಸೈನ್ಯದಲ್ಲಿ ಹೈಂಟ್ಸ್ ಇದ್ದ. ಹೈಂಟ್ಸ್ ಇದ್ದಾನೆ ಅಂದಮೇಲೆ ಹೈಂಟ್ಸ್‌ನಂಥ ಬೇರೆಯವರೂ ಇರುತ್ತಾರೆ, ಅವರನ್ನೂ ಪ್ರೀತಿಸುವವರು ಇರುತ್ತಾರೆ. ಹಾಗೆ ಹುಟ್ಟಿತು ಅವನ ಶಾಂತಿವಾದ. ತರ್ಕಕ್ಕೆ ನಿಲ್ಲುತ್ತದೋ ಇಲ್ಲವೋ ಹೇಳಲಾರೆ. ಹಿಟ್ಲರ್ ಎದುರಿಗಿದ್ದಾಗ ಅಂಥ ನಿಲುವು ನನಗೂ ಕಷ್ಟವೇ. ಹೇಡಿತನ ಮಾತ್ರ ಅದಲ್ಲ. ಪೆನ್ಸಿಲ್ವೇನಿಯಾದಲ್ಲಿ ಕ್ವೇಕರ್ ಪಂಥದವರು ನಡೆಸುತ್ತಿದ್ದ ವಸತಿಯಲ್ಲಿ ಯುರೋಪಿನಿಂದ ಓಡಿಬಂದವರಿಗೆ ಇಂಗ್ಲಿಷ್ ಕಲಿಸುತ್ತಾ ಕೆಲ ತಿಂಗಳು ಕೆಲಸ ಮಾಡಿದ. ಬರ್ಲಿನ್‌ನಲ್ಲಿ ಹೊಟ್ಟೆಪಾಡಿಗೆ ಕಲಿಸಿದ್ದ ಪಾಠವೇ ಇಲ್ಲೂ ಬಳಕೆಗೆ ಬಂತು.

ಶಾಂತಿವಾದಕ್ಕೆ ಬುಡ ಬೇಕು ಎಂದು ಹುಡುಕುತ್ತಿದ್ದವನನ್ನು ಗೆಳೆಯ ಜೆರಾಲ್ಡ್ ಹರ್ಡ್ 1939ರಲ್ಲಿ ಹಾಲಿವುಡ್‌ನ ಸ್ವಾಮಿ ಪ್ರಭವಾನಂದರ ಬಳಿಗೆ ಕರೆದೊಯ್ದ. ಪ್ರಭವಾನಂದರು ರಾಮಕೃಷ್ಣ ಸಂಘದವರು, ಪರಮಹಂಸರ ನೇರ ಶಿಷ್ಯರಾದ ಬ್ರಹ್ಮಾನಂದರ ಶಿಷ್ಯರು. ಸಣ್ಣ ಆಕಾರದ ಬಂಗಾಳಿ, ಸಿಗರೇಟಿನ ಮೇಲೆ ಸಿಗರೇಟು ಸೇದುವವರು. ದೇವರು ಎಂಬ ಶಬ್ದ ಕೇಳಿದರೇ ಮೈಯುರಿಯುತ್ತಿದ್ದ ಇಷರ್‌ವುಡ್ ಮೊದಲು ಕೇಳಿದ ಪ್ರಶ್ನೆಗಳಲ್ಲಿ ಒಂದು, ನಾನು ಒಬ್ಬ ಹುಡುಗನ ಜೊತೆ ಬಾಳುತ್ತಿದ್ದೇನೆ, ಹೀಗಿದ್ದೂ ಈ ದಾರಿ ಹಿಡಿಯಬಹುದೇ ಎಂಬುದು. ಸ್ವಾಮಿಗಳು ಬೈಯಲಿಲ್ಲ, ಪಾಪ ಅನ್ನಲಿಲ್ಲ. ಆ ಹುಡುಗನಲ್ಲಿ ತರುಣ ಕೃಷ್ಣನನ್ನು ಕಾಣಲು ನೋಡು ಎಂದರು. ಹಾಗೆ ಕಾಣುವುದು ಅವನಿಂದ ಆಗಲಿಲ್ಲ. ಆದರೆ ತನ್ನನ್ನು ಕೊಳಕು ಎಂದು ಕಾಣದ ಧರ್ಮ ಅವನಿಗೆ ಮೊದಲ ಸಲ ಸಿಕ್ಕಿತ್ತು. ಬಿಡಲಿಲ್ಲ. 1943ರಿಂದ 45ರವರೆಗೆ ಆ ಆಶ್ರಮದಲ್ಲೇ ಸಂನ್ಯಾಸಿಯಾಗುವ ತಯಾರಿಯಲ್ಲಿ ಇದ್ದ.

ಈಗ ವಿಚಿತ್ರ ನೋಡಿ. ಯುದ್ಧ ಬೇಡವೆಂದವನಿಗೆ ಗುರುಗಳು ಜೊತೆಗೂಡಿ ಮಾಡಲು ಕೊಟ್ಟ ಕೆಲಸ ಭಗವದ್ಗೀತೆಯ ಇಂಗ್ಲಿಷ್ ಅನುವಾದ! ಎದ್ದು ಯುದ್ಧ ಮಾಡು ಎಂದು ಕೃಷ್ಣ ಹೇಳುವ ಪುಸ್ತಕ. ಹೊರಗೆ ಎರಡನೇ ಮಹಾಯುದ್ಧ. ಇಷರ್‌ವುಡ್ ಇದನ್ನು ಸುಮ್ಮನೆ ದಾಟಿಕೊಂಡು ಹೋಗಲಿಲ್ಲ, ಗೀತೆ ಮತ್ತು ಯುದ್ಧದ ಬಗ್ಗೆ ಬೇರೆಯಾಗಿ ಪ್ರಬಂಧ ಬರೆದ. ಅವನ ವಾದ ಸರಳ. ಗೀತೆ ಯುದ್ಧವನ್ನು ಮೆಚ್ಚುವುದೂ ಇಲ್ಲ, ತೆಗಳುವುದೂ ಇಲ್ಲ. ಅರ್ಜುನ ಕ್ಷತ್ರಿಯ, ಹೊರಟಿರುವುದು ರಣರಂಗಕ್ಕೆ, ಅವನ ಸ್ವಧರ್ಮ ಅದು. ಎಲ್ಲರೂ ಅರ್ಜುನರಲ್ಲ. ಒಬ್ಬನಿಗೆ ಹೋರಾಡುವುದು ಸರಿಯಾದರೆ ಇನ್ನೊಬ್ಬನಿಗೆ ಹೋರಾಡದಿರುವುದು ಸರಿ. ಗೀತೆಯನ್ನು ಚಿಕ್ಕಂದಿನಿಂದ ಕೇಳಿ ಬೆಳೆದ ನಮಗೆ ಇದರಲ್ಲಿ ಹೊಸದೇನೂ ಇಲ್ಲ ಅನಿಸಬಹುದು. ಆದರೆ ಹೇಡಿ ಎಂದು ದೇಶವೇ ಬೈಯುತ್ತಿರುವಾಗ ಒಬ್ಬ ಇದನ್ನು ಹಿಡಿದುಕೊಂಡು ನಿಂತ ರೀತಿ ಬೇರೆ. ಅನುವಾದ 1944ರಲ್ಲಿ ಕಾದಂಬರಿಕಾರ ಆಲ್ಡಸ್ ಹಕ್ಸ್ಲಿಯ ಮುನ್ನುಡಿಯೊಂದಿಗೆ ಬಂತು.

ಇನ್ನೊಂದು ಮಾತು, ಕನ್ನಡದವರಿಗಾಗಿ. ನಮ್ಮ ಕುವೆಂಪು ಹುಟ್ಟಿದ್ದೂ 1904ರಲ್ಲೇ, ಡಿಸೆಂಬರ್ 29ರಂದು. ಮೈಸೂರಿನ ರಾಮಕೃಷ್ಣ ಆಶ್ರಮದಲ್ಲಿ ಇದ್ದವರು. 1929ರಲ್ಲಿ ಕಲ್ಕತ್ತೆಯ ಹತ್ತಿರದ ಬೇಲೂರು ಮಠದಲ್ಲಿ ಶಿವಾನಂದರಿಂದ ದೀಕ್ಷೆ ಪಡೆದವರು. ಅದೇ ವರ್ಷ ಇಷರ್‌ವುಡ್ ಬರ್ಲಿನ್‌ನಲ್ಲಿ ಕೋಣೆ ಹುಡುಕುತ್ತಿದ್ದ. ಇಬ್ಬರೂ ಪರಮಹಂಸರ ಜೀವನಚರಿತ್ರೆ ಬರೆದರು. ಇಬ್ಬರಿಗೂ ಪರಸ್ಪರ ಗೊತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಒಂದೇ ಗುರುಮನೆಗೆ ಎಷ್ಟು ಬೇರೆ ಬೇರೆ ದಾರಿಯಿಂದ ಜನ ಬಂದು ಸೇರಿದರು ಎಂದು ಆಶ್ಚರ್ಯ ಅಷ್ಟೇ.

ಅಮೆರಿಕದ ದಿನಚರಿಗಳನ್ನು ಅವನು ಸುಡಲಿಲ್ಲ. ಅವನು ತೀರಿಕೊಂಡ ಮೇಲೆ ಕ್ಯಾಥರೀನ್ ಬಕ್ನೆಲ್ ಸಂಪಾದಿಸಿದ ಸಂಪುಟಗಳು ಒಂದೊಂದಾಗಿ ಬಂದವು. ಮೊದಲನೆಯದು 1996ರಲ್ಲಿ, 1939ರಿಂದ 1960ರವರೆಗಿನದು, ಸಾವಿರ ಪುಟ ದಾಟುತ್ತದೆ. ಇದನ್ನು ಓದುವಾಗ ಕ್ಯಾಮೆರಾ ಎಂದುಕೊಂಡಿದ್ದವನ ನೆನಪೂ ಬರುವುದಿಲ್ಲ. ಇಲ್ಲಿ ಇರುವುದು ಮೈಕೈ ನೋವಿನ ಬಗ್ಗೆ ಸದಾ ಚಿಂತೆ ಮಾಡುವ, ಕುಡಿದಿದ್ದಕ್ಕೆ ಬೆಳಗ್ಗೆ ಪಶ್ಚಾತ್ತಾಪ ಪಡುವ, ಜಪ ತಪ್ಪಿಸಿದ್ದಕ್ಕೆ ತನ್ನನ್ನೇ ಗದರಿಕೊಳ್ಳುವ, ಬರವಣಿಗೆ ಸಾಗದಿದ್ದಾಗ ಯಾರ ಮೇಲೋ ರೇಗುವ ಮನುಷ್ಯ. ಗಾಸಿಪ್ ಧಾರಾಳ. ಯೆಹೂದಿಗಳ ಬಗ್ಗೆ ಕೆಟ್ಟ ಮಾತುಗಳಿವೆ, ಹೆಂಗಸರ ಬಗ್ಗೆ ತಾತ್ಸಾರವಿದೆ. ನಾಜಿಗಳು ಮಾಡಿದ್ದನ್ನು ಕಣ್ಣಾರೆ ಕಂಡವನು, ಎಷ್ಟೋ ಯೆಹೂದಿ ಗೆಳೆಯರಿದ್ದವನು ಇಂಥದ್ದನ್ನು ಬರೆದದ್ದು ಓದಿದರೆ ಸಿಟ್ಟು ಬರುತ್ತದೆ. ಖಾಸಗಿ ಪುಸ್ತಕ, ಸಿಟ್ಟಿನಲ್ಲಿ ಗೀಚಿದ್ದು ಎಂದು ಸಮಜಾಯಿಷಿ ಕೊಡಲು ನನಗೆ ಮನಸ್ಸಿಲ್ಲ. ಆ ಪುಟಗಳನ್ನು ಹರಿದು ಹಾಕಲಿಲ್ಲ ಅನ್ನುವುದೂ ಅಷ್ಟೇ ನಿಜ.

ಆಶ್ರಮ ಬಿಟ್ಟ 1945ರಿಂದ ಆರು ವರ್ಷ ದಿನಚರಿ ಹೆಚ್ಚುಕಡಿಮೆ ನಿಂತೇಹೋಯಿತು. ಕುಡಿತ, ಓಡಾಟ, ಜಗಳ. 1946ರಲ್ಲಿ ಅಮೆರಿಕದ ಪೌರನಾದಾಗ ವಿಲಿಯಂ ಬ್ರ್ಯಾಡ್‌ಶಾ ಎಂಬ ನಡುವಿನ ಹೆಸರುಗಳನ್ನು ಕೈಬಿಟ್ಟ. ದೊಡ್ಡಪ್ಪನಿಂದ ಬಂದ ಆಸ್ತಿಯನ್ನು ಅದಕ್ಕೆ ಮೊದಲೇ ತಮ್ಮನಿಗೆ ಬಿಟ್ಟುಕೊಟ್ಟಿದ್ದ. 1971ರ ಸುಮಾರಿಗೆ ಈ ಖಾಲಿ ವರ್ಷಗಳು ಅವನನ್ನು ಕಾಡತೊಡಗಿದವು. ಅಲ್ಲೊಂದು ಇಲ್ಲೊಂದು ಗುರುತು ಹಾಕಿಕೊಂಡಿದ್ದನ್ನು ಹಿಡಿದು ಇಡೀ ಆರು ವರ್ಷದ ದಿನಚರಿಯನ್ನು ನೆನಪಿನಿಂದ ಕಟ್ಟಲು ಕೂತ. ಎಂದೋ ಸುಟ್ಟದ್ದಕ್ಕೆ ದಂಡ ಕಟ್ಟುತ್ತಿದ್ದ ಹಾಗೆ ನನಗೆ ಕಾಣುತ್ತದೆ.

1953ರ ಫೆಬ್ರವರಿ 14ರಂದು ಶುರುವಾದ ಡಾನ್ ಬಕಾರ್ಡಿ ಜೊತೆಗಿನ ಬಾಳು ಮೂವತ್ಮೂರು ವರ್ಷ, ಇಷರ್‌ವುಡ್ ಸಾಯುವವರೆಗೂ ನಡೆಯಿತು. ಆಗ ಡಾನ್‌ಗೆ ಹದಿನೆಂಟು, ಇವನಿಗೆ ನಲವತ್ತೆಂಟು. ಗೆಳೆಯರಲ್ಲೇ ಹಲವರು ಮುಖ ಸಿಂಡರಿಸಿದರು, ಈಗಿನ ಓದುಗರಿಗೂ ಇರುಸುಮುರುಸು ಆಗುತ್ತದೆ. ಡಾನ್ ಚಿತ್ರಕಾರನಾಗಿ ತನ್ನದೇ ಹೆಸರು ಮಾಡಿದ. 1963ರಲ್ಲಿ ಇಬ್ಬರೂ ಬೇರೆಯಾಗುವ ಹಂತಕ್ಕೆ ಬಂದಿದ್ದರು. ಅವನು ಇಲ್ಲದೆ ಹೋದರೆ ಹೇಗಿರುತ್ತದೆ ಎಂಬ ಯೋಚನೆಯಲ್ಲೇ ‘ಎ ಸಿಂಗಲ್ ಮ್ಯಾನ್’ ಹುಟ್ಟಿತು. ಸಂಗಾತಿಯನ್ನು ಕಳೆದುಕೊಂಡ ಇಂಗ್ಲಿಷ್ ಪ್ರೊಫೆಸರನೊಬ್ಬನ ಒಂದು ದಿನದ ಕಥೆ ಅದು. ಅವನ ಕಾದಂಬರಿಗಳಲ್ಲಿ ನನಗೆ ಅದೇ ಎಲ್ಲಕ್ಕಿಂತ ಮೇಲು. ಅಲ್ಲಿ ಕೋಣೆಯ ಬಾಗಿಲು ತೆರೆದಿದೆ.

ಅದೇ 1963ರ ಕೊನೆಗೆ ವಿವೇಕಾನಂದರ ಶತಮಾನೋತ್ಸವಕ್ಕೆಂದು ಗುರುಗಳ ಜೊತೆ ಬೇಲೂರು ಮಠಕ್ಕೆ ಬಂದ. ವೇದಿಕೆ ಮೇಲೆ ಕೂರಿಸಿ ಭಾಷಣ ಮಾಡಿಸಿದರು. ಕೆಲವೇ ದಿನದಲ್ಲಿ ಮೈಯೂ ಕೆಟ್ಟಿತು, ಮನಸ್ಸೂ ಕೆಟ್ಟಿತು. ಇನ್ನು ಮುಂದೆ ದೇವರ ಬಗ್ಗೆ ಸಭೆಗಳಲ್ಲಿ ಮಾತಾಡಲಾರೆ, ಭಕ್ತನ ವೇಷ ಹಾಕಿದಂತಾಗುತ್ತದೆ ಎಂದು ಗುರುಗಳಿಗೆ ಹೇಳಿಬಿಟ್ಟ. ಗುರುಗಳಿಗೆ ನೋವಾಯಿತು. ಸಂಬಂಧ ಮುರಿಯಲಿಲ್ಲ. ಆ ಹೊತ್ತಿಗೆ ಮಠದ ಒಪ್ಪಿಗೆ ಪಡೆಯುತ್ತಾ ಬರೆಯುತ್ತಿದ್ದ ಪರಮಹಂಸರ ಜೀವನಚರಿತ್ರೆ 1965ರಲ್ಲಿ ಬಂತು. ಅಚ್ಚುಕಟ್ಟಾದ ಪುಸ್ತಕ, ಆದರೆ ಅವನ ಬರವಣಿಗೆಯ ಚುರುಕು ಅದರಲ್ಲಿ ಕಡಿಮೆ. ಗುರುಗಳು ತೀರಿಕೊಂಡ ಮೇಲೆ ಹಳೆಯ ದಿನಚರಿಗಳನ್ನು ಎದುರಿಗಿಟ್ಟುಕೊಂಡು 1980ರಲ್ಲಿ ಗುರು-ಶಿಷ್ಯ ಸಂಬಂಧದ ಬಗ್ಗೆ ಬರೆದದ್ದೇ ಬೇರೆ ಜಾತಿಯದು. ಅದರಲ್ಲಿ ಸಿಗರೇಟೂ ಇದೆ, ಸಿಟ್ಟೂ ಇದೆ, ಭಕ್ತಿಯೂ ಇದೆ.

ಇನ್ನು ಅಮ್ಮ. ಕ್ಯಾಥ್ಲೀನ್ ನಲವತ್ತೈದು ವರ್ಷ ವಿಧವೆಯಾಗಿ ಬಾಳಿ 1960ರಲ್ಲಿ ತೀರಿಕೊಂಡಳು. ಯಾರು ಬಂದರು, ಯಾವ ಮನೆ ನೋಡಿದೆ, ಮಗನ ಕಾಗದ ಬಂತೇ ಎಂದು ಬರೆಯುತ್ತಲೇ ಇದ್ದಳು. ಸಾಂತಾ ಮೋನಿಕಾದ ಮನೆಯಲ್ಲಿ ಕೂತು ಮಗ ಆ ದಿನಚರಿಗಳನ್ನೂ ಅಪ್ಪನ ಕಾಗದಗಳನ್ನೂ ಓದಿದ. ಉದ್ದಕ್ಕೂ ಉಲ್ಲೇಖಿಸಿ ‘ಕ್ಯಾಥ್ಲೀನ್ ಅಂಡ್ ಫ್ರ್ಯಾಂಕ್’ ಬರೆದ. 1971ರಲ್ಲಿ ಬಂತು. ಎದುರಿಸಿ ನಿಂತಿದ್ದ ಆ ಹೆಂಗಸು ತನ್ನ ಹಾಗೇ ಬರೆಯದೆ ಇರಲಾರದವಳು ಎಂದು ಅವನಿಗೆ ಕಂಡಿತು. ಅವಳ ಹಟ ಇರದಿದ್ದರೆ ತನಗೆ ಓಡುವ ಕಸುವೂ ಬರುತ್ತಿರಲಿಲ್ಲ ಎಂದೂ ಕಂಡಿತು. ತನ್ನನ್ನು ‘ನಾನು’ ಎಂದು ಕರೆಯದೆ ‘ಕ್ರಿಸ್ಟೋಫರ್’ ಎಂದೇ ಹೆಸರಿಸುತ್ತಾ ಹೋಗುವ ಆ ದಪ್ಪ ಪುಸ್ತಕದ ಕೊನೆಗೆ ಬಂದು, ನೋಡಿದರೆ ಇದೂ ಬಹುಶಃ ಹೆಚ್ಚಾಗಿ ಕ್ರಿಸ್ಟೋಫರ್ ಬಗ್ಗೆಯೇ ಇದ್ದೀತು ಎನ್ನುತ್ತಾನೆ. ಐನೂರು ಪುಟ ಅಪ್ಪ ಅಮ್ಮನ ಕಾಗದ ಓದಿಸಿ ಆಮೇಲೆ ಹೀಗೆ ಹೇಳುವವನನ್ನು ಏನು ಮಾಡುವುದು? ನಾನಂತೂ ನಕ್ಕೆ.